ಬಣ್ಣವಿಲ್ಲದ ಹಿಮ
ಜಪಾನಿನ ನಮ್ಮ ಎದೋ ಪಟ್ಟಣದ ಈ ಓಣಿಯಲ್ಲಿ ಮರದಚ್ಚಿನ ಚಿತ್ರ ಒತ್ತುವ ಟೊಕುಬೆಯಿಯಷ್ಟು ಜಂಬದ ಮುದುಕ ಇನ್ನೊಬ್ಬನಿಲ್ಲ. ಹೊರಗೆ ಹಿಮ ಬಿದ್ದರೆ, "ಇದೂ ಒಂದು ಹಿಮಾನಾ? ನಂದು ನೋಡ್ರಯ್ಯಾ!" ಎಂದು ಮೂಗು ಮುರಿಯುತ್ತಾನೆ. ಅವನ ಹಿಮಕ್ಕೆ ಬಣ್ಣವೇ ಇಲ್ಲ. ಬರಿಯ ಅಚ್ಚಿನ ಮೇಲೆ ಒದ್ದೆ ಕಾಗದ ಹಾಸಿ, ಮೊಣಕೈ ಊರಿ, ಮೈಭಾರವನ್ನೆಲ್ಲ ಹಾಕಿ ಒತ್ತಿದರೆ ಬಿಳಿ ಕಾಗದವೇ ಉಬ್ಬಿ ಹಿಮವಾಗುತ್ತದೆ. "ಇಷ್ಟ್ಯಾಕೆ ಒತ್ತೀಯಪ್ಪಾ, ಕಣ್ಣಿಗೆ ಕಂಡ್ರೆ ಸಾಲ್ದಾ?" ಎಂದು ಅವನ ಚಿತ್ರ ಮಾರುವ ಅಂಗಡಿಯವನು ಗೊಣಗಿದರೆ, "ಕಣ್ಣಿಗೆ ಯಾವನು ಮಾಡ್ತಾನೆ?" ಎಂದು ರೇಗುತ್ತಾನೆ. ಒತ್ತಿದ ಮೊದಲ ಹಾಳೆ ಮಾತ್ರ ಮನೆಗೇ ಹೋಗುತ್ತದೆ. ಅಲ್ಲಿ ಕಣ್ಣು ಕಳೆದುಕೊಂಡ ಹೆಂಡತಿ ಒತಾಕಿ ಅದರ ಮೇಲೆ ಮೆಲ್ಲಗೆ ಬೆರಳಾಡಿಸುತ್ತಾಳೆ. ನಿನ್ನೆ ಪಕ್ಕದ ಮನೆಯ ನನಗೂ ಅವಳ ದನಿ ಕೇಳಿಸಿತು: "ರೀ, ಕೊಂಬೆ ಮೇಲೆ ಹಿಮ ತೆಳ್ಳಗಾಗಿದೆ... ಇದೇನು, ಮೊಗ್ಗಾ?" ಜಂಬದ ಮುದುಕ, "ಹೂಂ ಕಣೇ, ಸಿಕ್ತಾ?" ಎಂದ, ಮೆಲ್ಲಗೆ.