ತೆಗೆದ ಫೋಟೋ

ಕ್ಯಾಮೆರಾ ಮನೆಗೆ ಬಂದ ದಿನ ನನ್ನ ಗಂಡ ಅದನ್ನು ಅಂಗೈಯಲ್ಲಿ ತೂಗಿ ನೋಡಿ, "ಇದಕ್ಕೆ ಮಿರರ್‌ಲೆಸ್ ಅಂತ ಹೇಳುದಾ? ಸರಿಯಾಯ್ತು ಬಿಡು. ಕನ್ನಡ ಇಲ್ಲದ ಊರಿಗೆ ಕನ್ನಡಿ ಇಲ್ಲದ ಕ್ಯಾಮೆರಾ" ಎಂದರು. ಬಂಗಾಳಿಗಳ ಈ ಊರಿನ ಲೇಕ್ ಮಾರ್ಕೆಟಿನ ಹಿಂದಿನ ಓಣಿಯಲ್ಲಿ ನಮ್ಮದೊಂದು ಸಣ್ಣ ಹೋಟೆಲು, ಅದರ ಮೇಲೆಯೇ ಮನೆ. ಉಡುಪಿ ಕಡೆಯಿಂದ ಬಂದ ಮಾವ ಶುರು ಮಾಡಿದ್ದು. ಈಗ ಗಲ್ಲಾಪೆಟ್ಟಿಗೆಯ ಮುಂದೆ ಗಂಡ, ಒಲೆಯ ಮುಂದೆ ನಾನು. ಅಮ್ಮನ ಕೈಯಲ್ಲಿ ಸೌಟು ಬಿಟ್ಟು ಇನ್ನೊಂದೇನಾದರೂ ಇರಬೇಕು ಎಂದು ಮಗಳ ಹಟ. ಅವಳೇ ಆರಿಸಿ ತಂದಳು. "ಅಮ್ಮಾ, ಫೋನ್ ಈಸ್ ನಾಟ್ ದ ಸೇಮ್. ನೀನು ಒಮ್ಮೆ ಹಿಡ್ಕೊ, ದೆನ್ ಟೆಲ್ ಮೀ."

ಹಿಡಿದೆ, ಆಮೇಲೆ ಬಿಡಲಿಲ್ಲ. ತರಕಾರಿ ಚೀಲದಲ್ಲಿ ಕರಿಬೇವಿನ ಕಟ್ಟಿನ ಪಕ್ಕ ಕೂರುವಷ್ಟು ಸಣ್ಣದು. ಅದರ ಪರದೆಯನ್ನು ಮೇಲಕ್ಕೆ ಮಡಚಿಕೊಂಡರೆ ಸೊಂಟದ ಹತ್ತಿರ ಹಿಡಿದು, ಬಾವಿಗೆ ಇಣುಕಿದ ಹಾಗೆ ಬಗ್ಗಿ ನೋಡಬಹುದು. ಎದುರಿನವರ ಮುಖಕ್ಕೆ ಗುರಿಯಿಡುವ ಉದ್ಧಟತನ ಇಲ್ಲ. ಮೆನುವಿನಲ್ಲಿ ಒಂದು ಕಡೆ ಒತ್ತಿದರೆ ಕ್ಲಿಕ್ ಎನ್ನುವ ಸದ್ದೂ ನಿಂತುಹೋಗುತ್ತದೆ. ನಾನು ಮಾತ್ರ ಆ ಸದ್ದನ್ನು ಎಂದೂ ನಿಲ್ಲಿಸಿದವಳಲ್ಲ. ಫೋಟೋ ತೆಗೆದದ್ದು ತೆಗೆಸಿಕೊಂಡವರಿಗೆ ಗೊತ್ತಾಗಬೇಕು. ಕದ್ದು ತೆಗೆಯುವುದಕ್ಕೆ ನಾನೇನು ಪೊಲೀಸಾ?

ಧಾರವಾಡದವಳು ನಮ್ಮ ಹೋಟೆಲಿಗೆ ಬಂದದ್ದು ದೋಸೆಗೆ, ಉಳಿದದ್ದು ಕನ್ನಡಕ್ಕೆ. ಇಲ್ಲಿಯ ಒಂದು ವಿಶ್ವವಿದ್ಯಾಲಯದಲ್ಲಿ ಭಾಷೆಯ ಪಾಠ ಮಾಡುತ್ತಾಳೆ, ಡಮ್ ಡಮ್‌ನಲ್ಲಿ ಒಬ್ಬಳೇ ಇದ್ದಾಳೆ. ಅವಳು ಮೊದಲ ಸಲ ಬಂದಾಗ ಒಳಗೆ ಗ್ರೈಂಡರು ಕೆಟ್ಟು ನಿಂತು ನಾನದಕ್ಕೆ ಅಚ್ಚ ಕನ್ನಡದಲ್ಲಿ ಮಂಗಳಾರತಿ ಮಾಡುತ್ತಿದ್ದೆ. "ಯವ್ವಾ, ಈ ಊರಾಗ ಇಂಥಾ ಬೈಗಳಾ ಕೇಳಿ ಎಷ್ಟ ದಿನಾ ಆಗಿತ್ತ!" ಎನ್ನುತ್ತ ಸೀದಾ ಅಡುಗೆಮನೆಗೆ ಬಂದು ನಿಂತಳು. ಅಂದಿನಿಂದ ಅವಳು ನನಗೆ 'ಧಾರವಾಡ', ನಾನು ಅವಳಿಗೆ 'ಉಡುಪಿ'. ನನ್ನ 'ಎಂತ ಮಾರಾಯ್ತಿ'ಯನ್ನು ಅವಳು ಅಣಕಿಸುತ್ತಿದ್ದಳು, ಅವಳ 'ಹೌದಲ್ಲೋ'ವನ್ನು ನಾನು. ಭಾನುವಾರ ಬೆಳಿಗ್ಗೆ ಅವಳ ಪಾಲಿನ ನೀರುದೋಸೆ ಎಂದೂ ತಪ್ಪಲಿಲ್ಲ. ಒಡಹುಟ್ಟಿದವರ ಹತ್ತಿರವೂ ನಾನು ಅಷ್ಟು ಬಾಯಿಬಿಟ್ಟು ಮಾತಾಡಿದ್ದಿಲ್ಲ.

ಹೋಟೆಲಿಗೆ ರಜೆ ಇದ್ದ ದಿನ ನಾನು ಕಾಲಿಘಾಟ್‌ನಲ್ಲಿ ಮೆಟ್ರೋ ಹತ್ತಿದರೆ ಅವಳು ಡಮ್ ಡಮ್‌ನಲ್ಲಿ ಹತ್ತುತ್ತಿದ್ದಳು. ದಕ್ಷಿಣೇಶ್ವರದಲ್ಲಿ ಇಳಿದು, ನದಿಯ ಘಾಟಿನ ಮೆಟ್ಟಿಲ ಮೇಲೆ ಕೂತು, ಲಾಂಚಿನಲ್ಲಿ ಆಚೆ ದಡಕ್ಕೆ ಹೋಗಿ ಬರುವುದು. ನಾನು ಫೋಟೋ ತೆಗೆಯುತ್ತಿದ್ದೆ, ಅವಳು ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದಳು. ಒದ್ದೆ ಸೀರೆಯನ್ನು ಗಾಳಿಗೆ ಹಿಡಿದು ನಿಂತ ಒಬ್ಬ ಹೆಂಗಸಿನ ಫೋಟೋ ನೋಡಿ ಅವಳು ಕ್ಯಾಮೆರಾವನ್ನು ತನ್ನ ಕಡೆ ಎಳೆದುಕೊಂಡಳು. ಆಮೇಲೆ, "ಉಡುಪಿ, ಇವನ್ನ ಚೀಲದಾಗ ಇಟ್ಟ ಕೊಳಸಬ್ಯಾಡ" ಎಂದಳು. ಅವಳ ವಿಭಾಗದಲ್ಲಿ ಲೇಕ್ ಮಾರ್ಕೆಟಿನ ದಕ್ಷಿಣ ಭಾರತದವರ ಬಗ್ಗೆ ಒಂದು ಪ್ರದರ್ಶನ ಮಾಡುವವರಿದ್ದರು. "ನಾ ಬರೀತೀನಿ, ನೀ ಫೋಟೋ ತಗಿ. ಗೋಡಿ ಮ್ಯಾಲೆ ಇಬ್ಬರ ಹೆಸರೂ ಇರತಾವ."

ನನಗೆ ಆಸೆಯಾಯಿತು. ಮುಚ್ಚಿಡುವುದು ಯಾಕೆ? ಹೋಟೆಲಿನ ಬೋರ್ಡಿನ ಮೇಲೆ ದೇವರ ಹೆಸರು, ಲೈಸೆನ್ಸಿನಲ್ಲಿ ಗಂಡನ ಹೆಸರು. ನನ್ನ ಹೆಸರು ಈ ಊರಿನಲ್ಲಿ ಗ್ಯಾಸ್ ಪುಸ್ತಕದಲ್ಲಿ ಬಿಟ್ಟರೆ ಎಲ್ಲೂ ಇರಲಿಲ್ಲ. ಒಂದು ಗೋಡೆಯ ಮೇಲೆ, ನಾನು ಮಾಡಿದ ಒಂದು ಕೆಲಸದ ಕೆಳಗೆ ಅದು ಇರಬೇಕು ಅಂತ ನನಗೆ ತುಂಬ ಅನ್ನಿಸಿತು.

ಸೊಪ್ಪಿನವರು, ಹೂವಿನವರು, ಬಾಳೆಲೆ ಮಾರುವವರು ಎಲ್ಲರನ್ನೂ ತೆಗೆದೆ. ಒಪ್ಪದೆ ಉಳಿದವರು ಕಾಫಿಪುಡಿ ಅಂಗಡಿಯ ಮುದುಕರು ಒಬ್ಬರೇ. "ಗೋಡೆ ಹತ್ತುವುದು ಸತ್ತವರು. ನನಗೆ ಅವಸರ ಇಲ್ಲ" ಎಂದು ಹರಕು ಹಿಂದಿಯಲ್ಲಿ ಹೇಳಿ ಕೈಯಾಡಿಸುತ್ತಿದ್ದರು. ನಾನು ಒತ್ತಾಯಿಸಲಿಲ್ಲ, ಪುಡಿ ಕೊಳ್ಳುವುದು, ಬರುವುದು. ಒಂದು ಚಳಿಗಾಲದ ಬೆಳಿಗ್ಗೆ ಅವರಾಗಿಯೇ ಕರೆದರು. ಮೊಣಕೈವರೆಗೆ ಕಾಫಿಪುಡಿ ಮೆತ್ತಿದ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟು ಕೂತು, "ಹೂಂ, ಬೇಗ. ನಿನಗೆ ಮಾತ್ರ, ಬೇರೆ ಯಾರಿಗೂ ಇಲ್ಲ" ಎಂದರು. ಕ್ಲಿಕ್ ಎಂದಿತು. ಅವರು ತಲೆಯಾಡಿಸಿ ಎದ್ದುಹೋದರು. ನಾನು ತೆಗೆದ ಫೋಟೋಗಳಲ್ಲೆಲ್ಲ ಅದೇ ಒಳ್ಳೆಯದು ಅಂತ ನನಗೆ ಈಗಲೂ ಖಾತ್ರಿ.

ಅದೇ ವಾರ ಧಾರವಾಡದವಳು ಅಡುಗೆಮನೆಗೆ ಬಂದು ಸ್ಟೂಲಿನ ಮೇಲೆ ಕೂತು, "ನಿನ್ನ ಕ್ಯಾಮೆರಾ ತುಸು ಕೊಡವಾ, ನಾನೂ ಕಲೀತೀನಿ" ಎಂದಳು. ಕೊಟ್ಟೆ. ಯಾವ ಗುಂಡಿ ಏನು ಮಾಡುತ್ತದೆ ಎಂದು ಒಂದೊಂದಾಗಿ ತೋರಿಸಿಕೊಟ್ಟೆ. ಸದ್ದು ನಿಲ್ಲಿಸುವುದನ್ನೂ ತೋರಿಸಿಕೊಟ್ಟವಳು ನಾನೇ. ಆಮೇಲೆ ಗ್ರೈಂಡರು ಮತ್ತೆ ಕೈಕೊಟ್ಟಿತು, ನಾನು ಅದರ ಹಿಂದೆ ಬಿದ್ದೆ. ಹೊರಡುವಾಗ ಪ್ರದರ್ಶನಕ್ಕೆಂದು ಫೋಟೋಗಳಿದ್ದ ಕಾರ್ಡನ್ನು ಅವಳೇ ಒಯ್ದಳು.

ಪ್ರದರ್ಶನಕ್ಕೆ ಕೆಲವು ದಿನ ಇರುವಾಗ ಅವಳ ಫೋನು ಬಂತು. "ನಿನ್ನ ಫೋಟೋ ಎಲ್ಲಾ ಕೂತು ನೋಡಿ ತಗದೇನಿ. ಇನ್ನ ಪ್ರಿಂಟಿಗೆ ಹೋಗೂದೊಂದ ಬಾಕಿ. ನೀ ಚಿಂತಿ ಮಾಡಬ್ಯಾಡ." ನಾನು ಅಡುಗೆಯವಳು. ನನ್ನ ಕಿವಿಗೆ ಅದು ಅಡುಗೆಮನೆಯ ಮಾತಾಗಿಯೇ ಕೇಳಿತು. ಒಳ್ಳೆಯ ಎಲೆ ನೋಡಿ ತೆಗಿ ಎಂದರೆ ಊಟಕ್ಕೆ ಬೇಕಾದ್ದನ್ನು ಆರಿಸಿ ಬೇರೆ ಇಡು ಅಂತ ಅರ್ಥ. ಅಂದರೆ ನನ್ನ ಫೋಟೋಗಳನ್ನು ಆರಿಸಿ ಇಟ್ಟಿದ್ದಾಳೆ. ಉದ್ಘಾಟನೆಯ ಕಾಫಿ, ಗೋಳಿಬಜೆ ನಮ್ಮ ಹೋಟೆಲಿನದೇ ಇರಲಿ ಎಂದಳು. ಅದಕ್ಕೂ ಹಿಗ್ಗಿದೆ. ಮಗಳಿಗೆ ರಜೆ ಹಾಕಿಸಿದೆ, ಮದುವೆಗೆಂದು ಇಟ್ಟ ರೇಷ್ಮೆಸೀರೆ ಉಟ್ಟೆ, ಊರಿನಲ್ಲಿರುವ ತಂಗಿಗೆ ಫೋನ್ ಮಾಡಿ ಹೇಳಿದೆ. ಅತಿ ಆಸೆ ಗತಿ ಕೇಡು ಅಂತ ಅಮ್ಮ ಹೇಳುತ್ತಿದ್ದಳು. ನಾನು ಪಟ್ಟದ್ದು ಅತಿ ಅಂತ ನನಗೆ ಇವತ್ತಿಗೂ ಅನ್ನಿಸುವುದಿಲ್ಲ.

ಪ್ರದರ್ಶನದ ಹಾಲಿನೊಳಗೆ ಕಾಲಿಟ್ಟ ಕೂಡಲೇ ಎದುರಿನ ಗೋಡೆಯಲ್ಲಿ ಕಾಫಿಪುಡಿ ಅಂಗಡಿಯ ಮುದುಕರು ಕಂಡರು. ಆಳೆತ್ತರದ ಫೋಟೋ. ಇಸ್ತ್ರಿ ಮಾಡಿದ ಅಂಗಿ, ತೊಳೆದ ಕೈ. ಅದೇ ಜಾಗ, ಅದೇ ಕೂರುವ ರೀತಿ, ಆದರೆ ನಾನು ತೆಗೆದದ್ದಲ್ಲ. ಕೆಳಗೆ ನಾನು ಕೇಳಿರದ ಯಾರೋ ಫೋಟೋಗ್ರಾಫರನ ಹೆಸರು. ಸೊಪ್ಪಿನವಳು, ಹೂವಿನವನು, ಬಾಳೆಲೆಯವನು, ಎಲ್ಲರೂ ಇದ್ದರು, ನಾನು ನಿಂತಿದ್ದ ಜಾಗದಲ್ಲೇ ನಿಂತು ಇನ್ನೊಬ್ಬರು ತೆಗೆದ ಫೋಟೋಗಳಲ್ಲಿ. ನನ್ನದು ಒಂದೂ ಇರಲಿಲ್ಲ. ಒಬ್ಬಳು ವಿದ್ಯಾರ್ಥಿನಿ ಬಂದು, "ಮಾಶಿ, ಕೋಫಿ ಕೋಥಾಯ್?" ಎಂದು ಕೇಳಿದಳು. ಮಾಶಿ ಅಂದರೆ ಇಲ್ಲಿ ಚಿಕ್ಕಮ್ಮನೂ ಹೌದು, ಕೆಲಸದವಳೂ ಹೌದು. ಕಾಫಿ ಎಲ್ಲಿದೆ ಎಂದು ಕೈ ತೋರಿಸಿದೆ.

ಧಾರವಾಡದವಳು ಜನರ ನಡುವೆ ನಗುತ್ತ ನಿಂತಿದ್ದಳು. ಪಕ್ಕಕ್ಕೆ ಕರೆದು ಕೇಳಿದೆ. "ನನ್ನ ಫೋಟೋ ಎಲ್ಲಿ?"

"ಕಮಿಟಿಯವರು ಪ್ರೊಫೆಷನಲ್ ಬೇಕು ಅಂದ್ರು. ನಾ ಏನ ಮಾಡ್ಲಿ? ನಿನಗ ಫೋನ್ ಮಾಡಿ ಹೇಳಿದ್ನಲ್ಲಾ, ಎಲ್ಲಾ ತಗದೇನಿ ಅಂತ."

"ತೆಗೆದದ್ದು ಅಂದ್ರೆ?"

"ತಗದದ್ದು ಅಂದ್ರ ತಗದದ್ದು." ನನ್ನ ಹೆಗಲ ಮೇಲೆ ಕೈಯಿಟ್ಟಳು. "ಹಂಗಂತ ಪೂರಾ ಬಿಟ್ಟಿಲ್ಲ. ನಿಂದೂ ಒಂದ ಫೋಟೋ ಅದ ನೋಡ, ಆ ಕಂಬದ ಹಿಂದ."

ಮರ್ಯಾದೆ ಇದ್ದವಳು ಅಲ್ಲಿಂದಲೇ ತಿರುಗಿ ಹೋಗಬೇಕಿತ್ತು. ನನಗೆ ಮತ್ತೆ ಆಸೆ ಹುಟ್ಟಿತು. ಯಾವುದಿರಬಹುದು, ದಕ್ಷಿಣೇಶ್ವರದ ಒದ್ದೆ ಸೀರೆಯದ್ದಾ? ಕಂಬದ ಹಿಂದೆ ಹೋಗಿ ಮೊದಲು ಓದಿದ್ದು ಕೆಳಗಿನ ಚೀಟಿ. ಬಂಗಾಳಿ ಅಕ್ಷರ ನಾನು ಕೂಡಿಸಿ ಕೂಡಿಸಿ ಓದುವವಳು. 'ರಾಂಧುನಿ, ಲೇಕ್ ಮಾರ್ಕೆಟ್' ಎಂದಿತ್ತು. ರಾಂಧುನಿ ಅಂದರೆ ಇಲ್ಲಿಯವರು ಒಗ್ಗರಣೆಗೆ ಹಾಕುವ ಒಂದು ಕಾಳು, ಓಮದ ಹಾಗೆ ಇರುತ್ತದೆ. ಮಸಾಲೆಯ ಫೋಟೋ ನಾನೆಲ್ಲಿ ತೆಗೆದೆ ಅಂತ ತಲೆಯೆತ್ತಿದೆ. ಆಗ ಆ ಶಬ್ದಕ್ಕೆ ಇನ್ನೊಂದು ಅರ್ಥ ಇರುವುದು ನೆನಪಾಯಿತು, ಅಡುಗೆಯವಳು ಅಂತ. ಗೋಡೆಯ ಮೇಲೆ ಇದ್ದದ್ದು ನಾನು. ನೈಟಿ, ಹೆಗಲ ಮೇಲೆ ಹಿಟ್ಟಿನ ಟವೆಲು, ಕೆದರಿದ ಕೂದಲು, ಬಾಯಿ ಇಷ್ಟಗಲ ತೆರೆದು ಗ್ರೈಂಡರಿಗೆ ಬೈಯುತ್ತಿದ್ದೇನೆ. ಫೋಟೋ ತೆಗೆದವರು ಎಂದು ಅವಳ ಹೆಸರು. ಅಡುಗೆಯವಳಿಗೆ ಹೆಸರೇ ಇರಲಿಲ್ಲ.

ನನ್ನ ಕ್ಯಾಮೆರಾದಿಂದ ಆ ಗೋಡೆಗೆ ಹತ್ತಿದ ಫೋಟೋ ಅದೊಂದೇ. ಅದನ್ನು ತೆಗೆಯುವಾಗ ಸದ್ದಾಗಿರಲಿಲ್ಲ.

ಮಗಳು ಜಗಳಕ್ಕೆ ಹೊರಟಳು, ನಾನು ಬಿಡಲಿಲ್ಲ. ಮನೆಗೆ ಬಂದಾಗ ಗಂಡ, "ಉಂಡ ಮನೆಗೆ ಎರಡು ಬಗೆದಳಲ್ಲ" ಎಂದಷ್ಟೇ ಹೇಳಿ ತಾವೇ ಕಾಫಿ ಮಾಡಿಕೊಟ್ಟರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನನ್ನನ್ನು ತೆಗೆದಿದ್ದಾಳೆ, ಅದೂ ನನಗೆ ಒಂದು ಸುಳ್ಳನ್ನೂ ಹೇಳದೆ. ಮಾತನ್ನೇ ಓದಿ ದೊಡ್ಡವಳಾದವಳು. ಯಾವ ಶಬ್ದ ನನ್ನ ಕಿವಿಗೆ ಹೇಗೆ ಕೇಳುತ್ತದೆ ಎನ್ನುವುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಈ ಊರಿನಲ್ಲಿ ಬಂಗಾಳಿಯಲ್ಲಿ, ಹಿಂದಿಯಲ್ಲಿ ನಾನು ಎಷ್ಟೋ ಸಲ ಮೋಸ ಹೋಗಿದ್ದೇನೆ, ಅದಕ್ಕೆಲ್ಲ ಅತ್ತವಳಲ್ಲ. ಇದು ಕನ್ನಡದಲ್ಲಿ ಆಯಿತು.

ಮರುದಿನ ಕಾಫಿಪುಡಿ ಅಂಗಡಿಗೆ ಹೋದೆ. ಮುದುಕರು ಮುಖ ಕೊಡಲಿಲ್ಲ. ಪುಡಿ ಕಟ್ಟುತ್ತ, "ನಿನಗೆ ಮಾತ್ರ ಅಂದಿದ್ದೆ" ಎಂದರು. "ದೊಡ್ಡ ಕ್ಯಾಮೆರಾದವನನ್ನು ಆ ಟೀಚರಮ್ಮ ಕರಕೊಂಡು ಬಂದಳು. ನೀನೇ ಕಳಿಸಿದ್ದು ಅಂದಳು. ನಿನ್ನ ಹೆಸರು ಹೇಳಿದ್ದಕ್ಕೆ ಕೂತೆ." ಗೋಡೆಯ ಮೇಲೆ ಹಾಕುತ್ತೇನೆಂದ ಹೆಸರನ್ನು ಅವಳು ಅಲ್ಲಿ ಬಳಸಿ ಮುಗಿಸಿದ್ದಳು. ನಾನು ಕಳಿಸಲಿಲ್ಲ ಎಂದೆ. ಅವರು ನಂಬಿದರೋ ಇಲ್ಲವೋ, ಈಗಲೂ ಗೊತ್ತಿಲ್ಲ.

ಭಾನುವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ಅವಳ ಚಪ್ಪಲಿಯ ಸದ್ದು ಕೇಳಿತು. ಏನೂ ಆಗದವಳ ಹಾಗೆ ಬಂದಿದ್ದಳು. ನಾನು ಮುಂದಿನ ಕೋಣೆಯಲ್ಲೇ ಕೂತು ಕ್ಯಾಮೆರಾದ ಧೂಳು ಒರೆಸುತ್ತಿದ್ದೆ. ಅಭ್ಯಾಸಬಲದಿಂದ ಅವಳ ಪಾಲಿನ ಹಿಟ್ಟನ್ನೂ ಸೇರಿಸಿ ರುಬ್ಬಿದ್ದೆ, ಅದು ಬೇರೆ ಸಿಟ್ಟು.

"ಉಡುಪಿ," ಬಾಗಿಲ ಮೇಲೆ ಬೆರಳಿನಿಂದ ಬಡಿದಳು. "ಇನ್ನೂ ಸಿಟ್ಟೇನ? ತಗಿಯವಾ."

"ತೆಗೆದಿದ್ದೇನೆ" ಎಂದೆ.

ಅವಳು ಬಾಗಿಲನ್ನು ನೂಕಿದಳು. ಚಿಲಕ ಅಲ್ಲಾಡಿತು. ಇನ್ನೊಮ್ಮೆ ನೂಕಿದಳು.

"ಎಲ್ಲಿ ತಗದೀ? ಬಾಗಿಲಾ ಹಾಕೇ ಅದ."

"ಬಾಗಿಲು ಅಂತ ನಾನು ಹೇಳ್ಲಿಲ್ಲ."