ಅಮರಪ್ಪನವರು ಹಂಚಿದ ನಂಬರುಗಳು

ಈ ಲೋಕದಲ್ಲಿ ಯಾರ ಸ್ಥಾನ ಎಲ್ಲಿ ಎಂಬುದನ್ನು ವಿಧಿ ಮೊದಲೇ ಬರೆದಿಟ್ಟಿರುತ್ತದೆ ಎಂದು ಹಿರಿಯರು ಹೇಳುತ್ತಾರೆ. ಸಿಂಧನೂರಿನ ನಮ್ಮ ಕಾಲುವೆ ಕಚೇರಿಯಲ್ಲಿ ಅದನ್ನು ದಿನಾಲೂ ಮುಂಜಾನೆ, ಚಹಾ ಕುಡಿದ ಮೇಲೆ, ಅಮರಪ್ಪನವರು ನಿಗದಿ ಮಾಡುತ್ತಿದ್ದರು.

ಎಂಬತ್ತರ ದಶಕದ ಕೊನೆಯ ಮಾತು. ಅವರು ವೈರ್‌ಲೆಸ್ ಆಪರೇಟರು, ನಾನು ಅದೇ ಕೋಣೆಯ ಗುಮಾಸ್ತ. ಮೈಕಿನ ಗುಂಡಿ ಒತ್ತುವ ಮೊದಲು ಅವರು ಎದ್ದು ನಿಂತು, ಚಪ್ಪಲಿ ಬಿಟ್ಟು, ಅಂಗಿಯ ಕೊರಳ ಗುಂಡಿ ಹಾಕಿಕೊಳ್ಳುತ್ತಿದ್ದರು. ಈ ಗೌರವಕ್ಕೆಲ್ಲ ಎದುರಿಗಿದ್ದದ್ದು ತುಕ್ಕು ಹಿಡಿದ ಬೀರು ಒಂದೇ.

ಕಾಲುವೆಯ ಮೇಲೆ ಗೇಟುಗಳು ಬಹಳ, ವೈರ್‌ಲೆಸ್ ಸೆಟ್ಟುಗಳು ಕಡಿಮೆ. ಹೀಗಾಗಿ ಸೆಟ್ಟುಗಳು ಜೀಪಿನಲ್ಲಿ ಇಂದು ಒಂದು ಗೇಟು, ನಾಳೆ ಇನ್ನೊಂದು ಎಂದು ತಿರುಗುತ್ತಿದ್ದವು. ಮುಂಜಾನೆ ಯಾರು ಮೊದಲು ‘ಹಾಜರ್’ ಎನ್ನುತ್ತಾರೋ ಅವರಿಗೆ ಆ ದಿನದ ಮಟ್ಟಿಗೆ ಒಂದನೇ ನಂಬರು. ಆಮೇಲೆ ಬಂದವರಿಗೆ ಎರಡು, ಮೂರು.

“ನಂಬರ್ ಯಾರಪ್ಪನ ಜಹಗೀರೂ ಅಲ್ಲ. ಮುಂಜಾನಿ ತಗೋ, ಸಂಜಿಗೆ ವಾಪಸ್ ಇಡು. ವೈರ್‌ಲೆಸ್‌ನ್ಯಾಗ ಮನುಷ್ಯಾಗ ಹೆಸರಿಲ್ಲ” ಎನ್ನುತ್ತಿದ್ದರು. ಒಮ್ಮೆ ಅವರ ಹೆಂಡತಿಯ ತಮ್ಮನೇ ಮಸ್ಕಿಯ ಗೇಟಿನಿಂದ “ಮಾವಾರ, ಅಕ್ಕ ಹೆಂಗದಾಳ್ರೀ?” ಎಂದ. ಇವರು ಗಂಭೀರವಾಗಿ ಹೇಳಿದರು: “ಎರಡನೇ ನಂಬರಿಗೆ ಅಕ್ಕ ಇಲ್ಲ.”

ಒಂದು ಹಂಗಾಮಿನಲ್ಲಿ ಸಂದೇಶಗಳು ದಾರಿ ತಪ್ಪತೊಡಗಿದವು. ಒಂದೇ ನಂಬರಿನಿಂದ ನೀರಿನ ಮಟ್ಟ ಎರಡೆರಡು ಬರುತ್ತಿತ್ತು. ಅಮರಪ್ಪನವರು ಬ್ಯಾಟರಿ ಬದಲಿಸಿದರು. ಕಂಬದ ಮೇಲಿನ ಕಾಗೆ ಗೂಡು ತೆಗೆಸಿದರು. ಕೊನೆಗೆ ಏರಿಯಲ್‌ಗೆ ನಿಂಬೆಹಣ್ಣು, ಮೆಣಸಿನಕಾಯಿಯನ್ನೂ ಕಟ್ಟಿಸಿದರು. ನಂಬರೇ ತಪ್ಪಿರಬಹುದಲ್ಲ ಎಂದು ನಾನು ಕೇಳಿದ್ದಕ್ಕೆ, “ಕೊಟ್ಟಾಂವ ನಾನದೀನಿ. ನಂಬರ್ ಹೆಂಗ ತಪ್ಪತೈತಿ?” ಎಂದು ಬಾಯಿ ಮುಚ್ಚಿಸಿದರು.

ನಿಜ ಸಂಗತಿ ಬೇರೆ ಇತ್ತು. ಅಮರಪ್ಪನವರ ಕೈಯಲ್ಲೇ ಕೆಲಸ ಕಲಿತ, ಲಿಂಗಸುಗೂರು ಕಚೇರಿಯ ಆಪರೇಟರ್ ನರಸಪ್ಪನಿಗೂ ಇವರಿಗೂ ಎಂದಿನದೋ ಮುನಿಸು. ‘ನಮ್ದೇನು ಕಮ್ಮಿ ಆಫೀಸೇನು?’ ಎಂದು ಆತ, ಇವರು ಚಹಾ ಕುಡಿಯುವ ಹೊತ್ತಿನಲ್ಲಿ, ತಾನೂ ಹಾಜರಿ ಕರೆದು ನಂಬರು ಹಂಚತೊಡಗಿದ್ದ. ಸೆಟ್ಟು ಹಚ್ಚಿದವರಿಗೆ ಯಾರ ದನಿ ಮೊದಲು ಕೇಳಿತೋ ಅವರ ನಂಬರೇ ಗಟ್ಟಿ.

ಒಂದು ದಿನ ಮಧ್ಯಾಹ್ನ ಮಸ್ಕಿಯ ಗೇಟಿಗೆ ಅಮರಪ್ಪನವರು ಆಜ್ಞೆ ಕೊಟ್ಟರು: “ಮೂರನೇ ನಂಬರ್, ಗೇಟ್ ಎತ್ತು.”

“ಮೂರು ಹಾಜರ್. ಎತ್ತತೀನ್ರೀ” ಎಂದಿತು ಒಂದು ದನಿ.

ಅದು ಮುಗಿಯುತ್ತಲೇ ಇನ್ನೊಂದು: “ಮೂರು, ಮಸ್ಕಿ, ಹಾಜರ್. ಏನಂದ್ರೀ?”

ಅಮರಪ್ಪನವರ ಕೈ ಮೈಕಿನ ಮೇಲೆಯೇ ನಿಂತಿತು. ಆ ದಿನ ಸೆಟ್ಟು ಹೋಗಿದ್ದ ಗೇಟುಗಳಲ್ಲಿ ಒಂದರ ಕೆಳಗೆ, ಒಣಗಿದ ಉಪಕಾಲುವೆಯಲ್ಲಿ, ಗುರುಗುಂಟಾ ಊರಿನ ಗಂಡಸರು ಹೆಂಗಸರು ದುರಸ್ತಿಗೆ ಕಲ್ಲು ಕೂಡಿಸುತ್ತಿದ್ದರು. ತಿರುವಿನಾಚೆಗಿದ್ದುದರಿಂದ ಗೇಟಿನವನಿಗೆ ಅವರು ಕಾಣುವಂತಿರಲಿಲ್ಲ.

“ಮಸ್ಕಿ, ಮುಟ್ಟಬ್ಯಾಡ. ಮೊದಲಿನ ಮೂರು ಯಾರು? ಮಾತಾಡು!”

ಅವನಾಗಲೇ ಚಕ್ರ ತಿರುವಲು ಹೊರಗೆ ಹೋಗಿದ್ದ. ಎಲ್ಲ ಕಡೆಯಿಂದ ಎಲ್ಲರೂ ಒಮ್ಮೆಲೇ ಕೂಗತೊಡಗಿ ಸೆಟ್ಟಿನಲ್ಲಿ ಬರೀ ಸಿಳ್ಳೆ ಕೇಳಿತು.

“ಎಲ್ಲಾರೂ ಬಾಯಿ ಮುಚ್ರಲೇ!” ಎಂದರು ಅಮರಪ್ಪನವರು. ಆಮೇಲೆ ಗುಂಡಿ ಬಿಟ್ಟು, ಒಮ್ಮೆ ಬೀರುವನ್ನು ನೋಡಿ, ಮತ್ತೆ ಒತ್ತಿದರು. “ನರಸಪ್ಪಾ, ನಾ ಅಮರಪ್ಪ ಮಾತಾಡಾಕತ್ತೀನಿ. ನೀ ಮೂರು ಯಾರಿಗಿ ಕೊಟ್ಟೀದಿ, ತಮ್ಮಾ?”

ಸಿಳ್ಳೆ ನಿಂತು ಸಣ್ಣ ದನಿಯೊಂದು ಬಂತು: “ಹುಸೇನಿಗಿ, ಅಣ್ಣಾ. ಉಪಕಾಲುವಿ ಗೇಟಿನಾಂವಗ.”

“ಹುಸೇನೀ! ಏ ಹುಸೇನೀ! ಕೆಳಗ ಮಂದಿ ಅದಾರ, ಕೈ ಬಿಡೋ!”

ಮೂರು ಎಂದರೆ ತಿರುಗದವನು ಹೆಸರಿಗೆ ತಿರುಗಿದ. ಗೇಟಿನ ಕೋಣೆಯ ಕಿಟಕಿಯಲ್ಲಿಟ್ಟ ಸೆಟ್ಟಿನಿಂದ ಬಂದ ಕೂಗು ಚಕ್ರದವರೆಗೂ ಮುಟ್ಟಿತ್ತು. ಓಡಿ ಬಂದವನ ಏದುಸಿರು ಮೊದಲು ಕೇಳಿತು. “ಗೇಣುದ್ದ ಎತ್ತೀನ್ರೀ. ಹುಕುಂ ಬಂತಲ್ರೀ?”

“ಇಳಸು. ಇಳಿಸಿ ಓಡಿಹೋಗಿ ನೋಡಿ ಬಾ.”

ಅವನು ತಿರುಗಿ ಬರುವವರೆಗೆ ಅಮರಪ್ಪನವರು ನಿಂತೇ ಇದ್ದರು. ಮೊಣಕಾಲುದ್ದ ನೀರು ಬಂದಿತ್ತು. ಹಸಿ ಸಿಮೆಂಟು, ಒಂದು ಬುತ್ತಿಗಂಟು ಹೋಗಿದ್ದವು. ಮಂದಿ ಎಲ್ಲ ದಂಡೆ ಹತ್ತಿದ್ದರು. ಬುತ್ತಿ ಕಳಕೊಂಡ ಹೆಣ್ಣುಮಗಳು ಕಚೇರಿಯ ಮೂರು ತಲೆಮಾರಿನವರನ್ನು ಹೆಸರಿಲ್ಲದೆಯೇ ಬೈಯುತ್ತಿದ್ದಾಳೆಂದೂ ಹುಸೇನಿ ವರದಿ ಒಪ್ಪಿಸಿದ.

ಆಗ ಅವರು ಕುಳಿತರು.

“ಅಣ್ಣಾ, ನಂದ ತಪ್ಪಾತು” ಎಂದ ನರಸಪ್ಪ.

“ಹಾಜರಿ ಒಬ್ಬರ ತಗೀಬೇಕು, ತಮ್ಮಾ. ನೀನ ತಗಿ. ನಂದು ಚಹಾ ತಡ ಆಕ್ಕೈತಿ. ಆದ್ರ ಮೂರು ಮಾತ್ರ ಯಾರಿಗೂ ಕೊಡಬ್ಯಾಡ.”

ಅಲ್ಲಿಂದ ಮುಂದೆ ದಿನಾಲೂ ಮುಂಜಾನೆ ಅಮರಪ್ಪನವರು ಎದ್ದು ನಿಂತು, ಚಪ್ಪಲಿ ಬಿಟ್ಟು, ಕೊರಳ ಗುಂಡಿ ಹಾಕಿ, “ಸಿಂಧನೂರು ಹಾಜರ್” ಎಂದು ತಾವು ಕಲಿಸಿದವನಿಂದಲೇ ನಂಬರು ಪಡೆದರು. ತೊಂಬತ್ತರ ದಶಕದ ಮೊದಲಲ್ಲಿ ನಿವೃತ್ತರಾದರು. ಊರಿಗೆ ಹೋದವರು ಮತ್ತೆ ಬರಲಿಲ್ಲ. ಒಂದು ದಿನ ಅವರು ತೀರಿಕೊಂಡ ಸುದ್ದಿ ಬಂತು, ವೈರ್‌ಲೆಸ್‌ನಲ್ಲೇ, ಹೆಸರು ಹೇಳಿಯೇ.

ಮರುದಿನ ನರಸಪ್ಪ ಹಾಜರಿ ಕರೆದ. ಇಬ್ಬರಾದ ಮೇಲೆ ನಾನು ಸಿಂಧನೂರಿನ ಪರವಾಗಿ ಹಾಜರ್ ಎಂದೆ. ನಾಲ್ಕನೇ ನಂಬರು ಕೊಟ್ಟ.