ಗಿರಿಜೆಯ ಕೊನೆಯ ಮೇಲ್

ದ್ರಾಕ್ಷಾಯಣಮ್ಮನಷ್ಟು ತಾಳ್ಮೆಯ ಹೆಂಗಸು ದಬ್ಬೇಘಟ್ಟದ ಸುತ್ತಮುತ್ತ ಇನ್ನೊಬ್ಬಳಿಲ್ಲ ಎಂದು ಜನ ಹೇಳುವುದುಂಟು. ನನ್ನನ್ನು ಕೇಳಿದರೆ ಅದು ತಾಳ್ಮೆಯಲ್ಲ, ಅಟ್ಟ ಕಲಿಸಿದ ಚಾಳಿ.

ಮದುವೆಯಾಗಿ ಬಂದ ವರ್ಷವೇ ಅತ್ತೆ ಹೇಳಿಕೊಟ್ಟಿದ್ದರು: ಬಲಿತ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿದ ಮೇಲೆ ಹತ್ತು ಹನ್ನೊಂದು ತಿಂಗಳು ಅದರ ತಂಟೆಗೆ ಹೋಗಕೂಡದು. ಒಳಗಿನ ನೀರು ತಾನಾಗಿ ಇಂಗಬೇಕು, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಬೇಕು. ಕಿವಿಯ ಹತ್ತಿರ ಅಲ್ಲಾಡಿಸಿದಾಗ ಗುಡುಗುಡು ಅಂದರೆ ಇಳಿಸುವ ಹೊತ್ತು ಬಂತು ಅಂತ ಲೆಕ್ಕ. ಅವಸರಪಟ್ಟು ಒಡೆದವರಿಗೆ ಅತ್ತ ಕಾಯಿಯೂ ಇಲ್ಲ, ಇತ್ತ ಕೊಬ್ಬರಿಯೂ ಇಲ್ಲ. ಮೂವತ್ತೈದು ವರ್ಷ ಅವಳು ಈ ಮಾತನ್ನು ಮೀರಲಿಲ್ಲ. ಕಾಯಿಯ ಮಟ್ಟಿಗಷ್ಟೇ ಪಾಲಿಸಿದ್ದರೆ ಚೆನ್ನಾಗಿತ್ತು.

ಅವಳ ತಂಗಿ ಗಿರಿಜಾಂಬಿಕಾ ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಅಕ್ಕತಂಗಿ ಫೋನಿನಲ್ಲಿ ಮಾತಿಗೆ ಕೂತರೆ ಗಂಡ ಬಸವರಾಜಪ್ಪ, ನಾದಿನಿ, ಪಕ್ಕದ ಮನೆಯವರು, ಎಲ್ಲರಿಗೂ ಆಗಲೇ ಪಡಸಾಲೆಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು. ಹಾಗಾಗಿ ಗಿರಿಜೆ ಒಮ್ಮೆ ರಜೆಗೆ ಬಂದಾಗ ಅಕ್ಕನ ಮೊಬೈಲಿನಲ್ಲಿ ಇಮೇಲ್ ಖಾತೆ ತೆರೆದುಕೊಟ್ಟಳು. "ಇದು ನಮ್ಮಿಬ್ರಿಗೇ ಕಣಕ್ಕ. ಭಾವಂಗೂ ಹೇಳ್ಬ್ಯಾಡ" ಅಂದಳು.

ಆಮೇಲೆ ಏಳು ವರ್ಷ ದ್ರಾಕ್ಷಾಯಣಮ್ಮನಿಗೆ ಅದೇ ಹಬ್ಬ. ಅಲ್ಲಿನ ಬಿಸಿಲು, ಜೊತೆಗಾತಿಯ ಗೊರಕೆ, ಮಕ್ಕಳಾಗದ ಸಂಕಟ, ಎಲ್ಲವನ್ನೂ ಗಿರಿಜೆ ಉದ್ದುದ್ದ ಬರೆಯುವಳು. ಅಕ್ಕ ಒಲೆ ಮುಂದೆ ಕೂತು ಓದಿ, ನಕ್ಕು, ಅತ್ತು, ಒಂದೊಂದೇ ಅಕ್ಷರ ಒತ್ತಿ ಉತ್ತರ ಬರೆಯುವಳು. ಅಷ್ಟರಲ್ಲಿ ಸಾರು ಎಷ್ಟೋ ಸಲ ಸೀದಿದೆ.

ಕೊರೋನಾದ ಎರಡನೆಯ ವರ್ಷ ಗಿರಿಜೆಗೆ ಜ್ವರ ಬಂತು. ಹಾಸಿಗೆಯಿಂದಲೇ ಒಂದು ಮೇಲ್ ಕಳಿಸಿದಳು. ದ್ರಾಕ್ಷಾಯಣಮ್ಮ ಅದನ್ನು ಕಾಣುವ ಮೊದಲೇ ಸಾವಿನ ಸುದ್ದಿ ಫೋನಿನಲ್ಲಿ ಬಂದಿತ್ತು. ಮಾರನೆಯ ದಿನ ಮೊಬೈಲು ತೆಗೆದರೆ ಆ ಮೇಲ್‌ನ ತಲೆಬರಹ ಕಂಡಿತು: 'ಅಕ್ಕ, ನಿಂಗೊಂದು ಮಾತು ಹೇಳ್ಬೇಕು.'

ಬೆರಳು ಮುಂದೆ ಹೋಗಲಿಲ್ಲ. ತಂಗಿಯ ಮುಖವನ್ನಂತೂ ಕೊನೆಗೆ ನೋಡಲಾಗಲಿಲ್ಲ. ಇನ್ನು ಉಳಿದಿರುವುದು ಈ ಒಂದು ಮಾತು. ಇದನ್ನೂ ಓದಿಬಿಟ್ಟರೆ ಗಿರಿಜೆ ಪೂರ್ತಿ ಮುಗಿದುಹೋಗುತ್ತಾಳೆ ಅನ್ನಿಸಿತು. ಇರಲಿ, ಎದೆಯಲ್ಲಿನ ನೀರು ಇಂಗಲಿ, ಮೇಲ್ ಎಲ್ಲಿಗೆ ಹೋಗುತ್ತದೆ ಅಂದುಕೊಂಡು ಮುಚ್ಚಿಟ್ಟಳು. ಮುಂದೆ ಆ ಮೊಬೈಲಿನ ಬ್ಯಾಟರಿ ಉಬ್ಬಿ ಕೆಟ್ಟಿತು, ಬೇರೆಯದು ಬಂತು, ಅದರಲ್ಲಿ ಆ ಖಾತೆಯನ್ನು ತೆರೆಯಲಿಲ್ಲ. ವಿಳಾಸ, ಪಾಸ್‌ವರ್ಡ್ ಎರಡೂ ಬಾಯಲ್ಲಿದ್ದವು. ಅವಳಿಗೆ ಚಿಂತೆಯೇ ಇರಲಿಲ್ಲ.

ನಾಲ್ಕು ವರ್ಷ ಹೀಗೇ ಹೋಯಿತು. ಮೊನ್ನೆ ಅಟ್ಟದಿಂದ ಕಾಯಿ ಇಳಿಸುವಾಗ ಒಂದನ್ನು ಕಿವಿಗೆ ಹಿಡಿದು ಅಲ್ಲಾಡಿಸಿದಳು. ಒಳಗೆ ಉಂಡೆ ಗುಡುಗುಡು ಅಂದಿತು. ಆ ಗಳಿಗೆಯಲ್ಲಿ ಏನನ್ನಿಸಿತೋ, ಇನ್ನು ಓದಬಲ್ಲೆ ಎಂಬ ಧೈರ್ಯ ಬಂತು. ಮಾರನೆಯ ಬೆಳಿಗ್ಗೆ ತಲೆಗೆ ಹೂವು ಮುಡಿದು ಮಾಯಸಂದ್ರದ ಬಸ್ಸು ಹತ್ತಿದಳು.

ಬಸ್‌ಸ್ಟ್ಯಾಂಡಿನ ಎದುರು ಮಹಾಂತೇಶನ ಜೆರಾಕ್ಸ್ ಅಂಗಡಿ. ಪಹಣಿ, ಅರ್ಜಿ, ಆಧಾರ್ ಅಂತ ಅರ್ಧ ಹೋಬಳಿಯ ಕಂಪ್ಯೂಟರ್ ಕೆಲಸ ಅವನದೇ. ಅವಳು ಹೇಳಿದ್ದನ್ನು ಒತ್ತಿ ಅವನು ತಲೆ ಕೆರೆದುಕೊಂಡ.

"ಅಕ್ಕ, ಈ ಹೆಸ್ರಲ್ಲಿ ಖಾತೆನೇ ಇಲ್ಲ ಅಂತೈತೆ."

"ಇನ್ನೊಂದ್ಸಲ ಹೊಡಿಯಪ್ಪ. ನಾನೇಳಿದ್ದು ಸರ್ಯಾಗೈತೆ."

ಮೂರು ಸಲ ಒತ್ತಿದ. "ಕೊನೇಗೆ ಯಾವಾಗ ತೆಗ್ದಿದ್ರಿ?"

"ನಾಕು ವರ್ಸ ಆಯ್ತು. ಮುಟ್ಟೇ ಇಲ್ಲ ಕಣಪ್ಪ. ಜ್ವಾಪಾನವಾಗಿ ಇಟ್ಟಿದ್ದೆ."

ಮಹಾಂತೇಶ ಕುರ್ಚಿಗೆ ಒರಗಿದ. "ಅದೇ ತಪ್ಪಾಗಿರಾದು. ಎರಡು ವರ್ಸ ಮುಟ್ದೆ ಇದ್ರೆ ಯಾರಿಗೂ ಬ್ಯಾಡ ಅಂತ ಅಳಿಸಾಕ್ತಾರೆ. ಮುಂಚೆ ತಿಳಿಸ್ತಾರೆ."

"ನಂಗೆ ಯಾರೂ ತಿಳಿಸ್ಲಿಲ್ಲ. ಎಲ್ಲಿ ತಿಳಿಸ್ತಾರೆ?"

"ಆ ಮೇಲ್‌ನಾಗೇ ಕಣಕ್ಕ."

ಬೀಗ ಹಾಕಿದ ಮನೆಯೊಳಕ್ಕೆ ನೋಟೀಸು ಎಸೆದು, ಓದಲಿಲ್ಲವೆಂದು ಮನೆಯನ್ನೇ ಕೆಡವುವ ನ್ಯಾಯ ಎಲ್ಲಿಯದೋ! ದ್ರಾಕ್ಷಾಯಣಮ್ಮನಿಗೆ ಸಿಟ್ಟು ಮಾಡಲೂ ತೋಚಲಿಲ್ಲ. ಅಲ್ಲಿದ್ದ ಸ್ಟೂಲು ಎಳೆದುಕೊಂಡು ಕೂತಳು.

"ಬೆಂಗ್ಳೂರ್ಗೆ ಹೋಗಿ ಕೇಳ್ಕಂಡ್ರೆ? ಅದೊಂದು ಕೊಟ್ರೆ ಸಾಕು, ಮಿಕ್ಕಿದ್ದು ಬ್ಯಾಡ."

"ಕೇಳ್ಕಳಾಕೆ ಅಲ್ಲಿ ಮನುಸ್ರೇ ಇಲ್ಲ ಕಣಕ್ಕ." ಸುಮ್ಮನೆ ಕಳಿಸಲಾರದೆ, "ಹೊಸಾದೊಂದು ಮಾಡ್ಕೊಡ್ಲಾ? ಯಾವ ಕಂಪನೀದು ಬೇಕು?" ಅಂದ.

ಅವನು ಮೂರರ ಗುಣಗಾನ ಮಾಡಿದ. ಒಂದರಲ್ಲಿ ಜಾಗ ಜಾಸ್ತಿ, ಇನ್ನೊಂದರಲ್ಲಿ ಜಾಹೀರಾತಿನ ಕಾಟವಿಲ್ಲ, ಮೂರನೆಯದಕ್ಕೆ ವರ್ಷವರ್ಷ ದುಡ್ಡು ಕಟ್ಟಬೇಕು. ಅವಳು ಎಲ್ಲದಕ್ಕೂ ಒಂದೇ ಪ್ರಶ್ನೆ ಕೇಳಿದಳು: "ತೆಗೀದೆ ಇಟ್ರೆ ಎಷ್ಟು ದಿನ ಇಟ್ಕತ್ತಾರೆ?" ಮೊದಲನೆಯದು ಎರಡು ವರ್ಷ, ಎರಡನೆಯದು ಒಂದು, ಮೂರನೆಯದು ದುಡ್ಡು ನಿಲ್ಲಿಸುವವರೆಗೆ. ಅಂದರೆ ಬಿಟ್ಟದ್ದನ್ನು ಬಿಟ್ಟ ಹಾಗೆ ಕಾಯುವ ಅಟ್ಟ ಒಂದೂ ಇರಲಿಲ್ಲ. ಇದ್ದರೂ ಈಗ ಅಲ್ಲಿಡಲು ಅವಳ ಹತ್ತಿರ ಏನಿತ್ತು?

"ಯಾವ್ದಾರ ಮಾಡಪ್ಪ" ಅಂದಳು.

ಮೊದಲನೆಯದನ್ನೇ ಮಾಡಿದ. "ಹೋಗ್ತೈತಾ ನೋಡಾನ, ಯಾರಿಗಾರ ಒಂದು ಕಳ್ಸಿ. ಯಾರ ವಿಳಾಸ ಗೊತ್ತು?"

ಅವಳಿಗೆ ಗೊತ್ತಿದ್ದದ್ದು ಒಂದೇ. ಹೇಳಿದಳು. ಏನು ಬರೆಯಲಿ ಅಂದಾಗ ಹೇಳಿದಳು: "ಗಿರಿಜಿ, ಏನೋ ಹೇಳ್ಬೇಕು ಅಂದಿದ್ಯಲ್ಲ, ಏನೇ ಅದು?"

ಮಹಾಂತೇಶ ಕಳಿಸಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಕಂಪ್ಯೂಟರು ಟಿಣ್ ಅಂದಿತು. "ಆಗ್ಲೇ ಬಂತು ನೋಡಿ ಉತ್ರ!" ಅಂದವನು, ಪರದೆ ನೋಡಿ ಪೆಚ್ಚಾದ. ಅವಳು ಎದ್ದು ನಿಂತಿದ್ದಳು.

"ಇದು ಮಿಷನ್ ಕಳ್ಸಿರಾದು ಕಣಕ್ಕ. ಓದೋವಂಥದ್ದೇನಿಲ್ಲ. ಬುಡಿ, ಅಳಿಸಾಕ್ತೀನಿ."

ದ್ರಾಕ್ಷಾಯಣಮ್ಮ ಅವನ ಕೈ ಹಿಡಿದುಕೊಂಡಳು. "ಬ್ಯಾಡ ಕಣಪ್ಪ. ತೆಗಿ. ಈಗ್ಲೇ ತೆಗಿ."

ಅವನು ತೆರೆದ. ಇಂಗ್ಲಿಷಿನಲ್ಲಿತ್ತು. "ಈ ವಿಳಾಸದಾಗೆ ಯಾರೂ ಇಲ್ವಂತೆ, ಕಳ್ಸಿದ್ದು ವಾಪಸ್ ಬಂದೈತೆ" ಅಂದ.

"ಆಮೇಲೆ?"

"ಅಷ್ಟೇ."

"ಕೆಳಗಡೆ ಇನ್ನೂ ಏನೋ ಐತಲ್ಲ, ಓದು."

ಕೆಳಗೆ ಕನ್ನಡದಲ್ಲಿ ಒಂದು ಸಾಲಿತ್ತು. ಮಹಾಂತೇಶ ಅವಳು ಕೇಳಿದ್ದ ಮಾತನ್ನೇ ಅವಳಿಗೆ ಓದಿ ಹೇಳಿದ.